ಬಿಸಿನೆಸ್ ಕ್ಲಾಸ್ ಟಿಕೆಟ್ ಇಷ್ಟು ಅಗ್ಗಕ್ಕೆ ಹೇಗೆ? ಹಣ ಕಟ್ಟುವ ಮುಂಚೆ ಕೇಳಬೇಕಾದ್ದು

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇನೆ. ಅಪ್ಪ ಅಮ್ಮ ಮೈಸೂರಿನಲ್ಲಿದ್ದಾರೆ. ಅಪ್ಪನಿಗೆ 74, ಅಮ್ಮನಿಗೆ 69. ಅಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ಹಾಗಾಗಿ ಈ ಸಲ ಬಿಸಿನೆಸ್ ಕ್ಲಾಸ್‌ನಲ್ಲೇ ಕರೆಸಿಕೊಳ್ಳೋಣ ಅಂತಿದ್ದೇನೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಹೋಗುವ ಟಿಕೆಟ್‌ಗೆ ಏರ್‌ಲೈನ್ ವೆಬ್‌ಸೈಟ್‌ನಲ್ಲಿ ಒಬ್ಬರಿಗೆ ಸುಮಾರು 4,60,000 ರೂಪಾಯಿ ತೋರಿಸುತ್ತಿದೆ. ಇಲ್ಲಿನ ಒಂದು ಆನ್‌ಲೈನ್ ಏಜೆನ್ಸಿ ಅವೇ ದಿನಗಳಿಗೆ 3,450 ಡಾಲರ್‌ಗೆ ಕೊಡುತ್ತೇವೆ ಅನ್ನುತ್ತಿದೆ. '60% ವರೆಗೆ ರಿಯಾಯಿತಿ' ಅಂತ ಅವರ ಜಾಹೀರಾತು. ಫೋನ್ ಮಾಡಿದರೆ 'ಇವತ್ತೇ ಹಣ ಕಟ್ಟಿ, ನಾಳೆ ಈ ರೇಟ್ ಇರಲ್ಲ' ಅನ್ನುತ್ತಾರೆ. ಇದನ್ನು ನಂಬಬಹುದಾ?

ಉತ್ತರ: ಈ ಆಫರ್ ಮೋಸ ಅಂತ ಈಗಲೇ ತೀರ್ಮಾನ ಮಾಡಬೇಡಿ. ಹಾಗಂತ ಇವತ್ತೇ ಹಣವನ್ನೂ ಕಟ್ಟಬೇಡಿ. ಏರ್‌ಲೈನ್‌ಗಿಂತ ಕಡಿಮೆ ಬೆಲೆಗೆ ಬಿಸಿನೆಸ್ ಕ್ಲಾಸ್ ಟಿಕೆಟ್ ಮಾರುವ ಪ್ರಾಮಾಣಿಕ ಏಜೆನ್ಸಿಗಳು ನಿಜವಾಗಿಯೂ ಇವೆ. ಆದರೆ ಬೆಲೆ ಇಳಿದಿದೆ ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣವನ್ನು ಏಜೆಂಟ್ ಹತ್ತಿರ ಬರಹದಲ್ಲಿ ಕೇಳಿ ಪಡೆಯಬೇಕು, ಅದೂ ಹಣ ಕೊಡುವ ಮುಂಚೆ. ಕಾರಣ ಗೊತ್ತಾಯಿತು ಅಂದರೆ ಅದು ನಿಮ್ಮ ಅಪ್ಪ ಅಮ್ಮನಿಗೆ ಹೊಂದುತ್ತದಾ ಇಲ್ಲವಾ ಅಂತ ನೀವೇ ಹೇಳಬಹುದು. ಟಿಕೆಟಿಂಗ್ ಕೆಲಸದಲ್ಲೇ ವರ್ಷಗಳನ್ನು ಕಳೆದವಳಾಗಿ ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ.

ಮೊದಲು ಆ 60% ವಿಷಯ ಮುಗಿಸೋಣ. ಒಂದೇ ವಿಮಾನದ ಬಿಸಿನೆಸ್ ಕ್ಲಾಸ್‌ನಲ್ಲಿ ಹಲವು ದರಗಳಿರುತ್ತವೆ. ಒಂದೊಂದಕ್ಕೂ ಒಂದು ಅಕ್ಷರ. ಅದನ್ನು ಬುಕಿಂಗ್ ಕ್ಲಾಸ್ ಅನ್ನುತ್ತಾರೆ. 'ಜೆ' ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ. ಯಾವಾಗ ಬೇಕಾದರೂ ದಿನ ಬದಲಾಯಿಸಬಹುದು, ಕ್ಯಾನ್ಸಲ್ ಮಾಡಿದರೆ ಹಣ ವಾಪಸ್. ಕಂಪನಿ ಖರ್ಚಿನಲ್ಲಿ ಓಡಾಡುವವರು ಕೊಳ್ಳುವ ಟಿಕೆಟ್ ಅದು. ಅದರ ಕೆಳಗೆ 'ಸಿ', 'ಡಿ', ಇನ್ನೂ ಕೆಳಗೆ 'ಜೆಡ್', 'ಐ', 'ಪಿ', 'ಆರ್' ಹೀಗೆ ಇಳಿಯುತ್ತಾ ಹೋಗುತ್ತದೆ. ಅಕ್ಷರಗಳ ಅರ್ಥ ಏರ್‌ಲೈನ್‌ನಿಂದ ಏರ್‌ಲೈನ್‌ಗೆ ಬದಲಾಗುತ್ತದೆ. ಸೀಟು ಅದೇ, ಊಟ ಅದೇ, ನಿಯಮ ಮಾತ್ರ ಬೇರೆ. ಇಂಥ ಜಾಹೀರಾತುಗಳಲ್ಲಿ ರಿಯಾಯಿತಿಯನ್ನು ಸಾಮಾನ್ಯವಾಗಿ ಆ ಮೇಲಿನ 'ಜೆ' ದರಕ್ಕೆ ಹೋಲಿಸಿ ಹೇಳುತ್ತಾರೆ. ನಿಮ್ಮ ಮನೆಯವರು ಯಾವತ್ತೂ ಕೊಳ್ಳದ ಟಿಕೆಟ್‌ಗೆ ಹೋಲಿಸಿದ ಶೇಕಡಾ ಲೆಕ್ಕದಿಂದ ನಿಮಗೇನೂ ಉಪಯೋಗವಿಲ್ಲ. ಅದನ್ನು ಪಕ್ಕಕ್ಕಿಡಿ.

ನಿಜವಾದ ಹೋಲಿಕೆ ಯಾವುದು? ಅದೇ ಏರ್‌ಲೈನ್, ಅದೇ ವಿಮಾನಗಳು, ಅದೇ ದಿನ, ಅದೇ ನಿಯಮ. ನೀವು ನೋಡಿದ 4,60,000 ರೂಪಾಯಿ ಯಾವ ಬಗೆಯ ದರ ಅಂತ ಒಮ್ಮೆ ತೆರೆದು ನೋಡಿ. ಏರ್‌ಲೈನ್ ವೆಬ್‌ಸೈಟ್‌ಗಳು ಬಿಸಿನೆಸ್ ಕ್ಲಾಸ್‌ನಲ್ಲೂ ಎರಡು ಮೂರು ಬಗೆ ತೋರಿಸುತ್ತವೆ. ನೀವು ನೋಡಿದ್ದು ಮೇಲಿನ ದರವೂ ಇರಬಹುದು. ಹಾಗೆಯೇ ಹೊರಡುವ ದಿನವನ್ನು ಎರಡು ಮೂರು ದಿನ ಆಚೀಚೆ ಮಾಡಿ ನೋಡಿ. ಮಂಗಳವಾರವೋ ಬುಧವಾರವೋ ಕೆಳಗಿನ ಬುಕಿಂಗ್ ಕ್ಲಾಸ್ ಖಾಲಿ ಇದ್ದರೆ ಏರ್‌ಲೈನ್‌ನಲ್ಲೇ ಬೆಲೆ ಚೆನ್ನಾಗಿ ಇಳಿಯುತ್ತದೆ. ಗೂಗಲ್ ಫ್ಲೈಟ್ಸ್‌ನ ಕ್ಯಾಲೆಂಡರ್‌ನಲ್ಲಿ ಕ್ಯಾಬಿನ್ ಅನ್ನು 'ಬಿಸಿನೆಸ್' ಅಂತ ಬದಲಾಯಿಸಿದರೆ ಇದು ಐದು ನಿಮಿಷದ ಕೆಲಸ.

ಒಂದು ಉದಾಹರಣೆ ಹಾಕಿ ನೋಡೋಣ. 3,450 ಡಾಲರ್ ಅಂದರೆ ಡಾಲರ್‌ಗೆ 90 ರೂಪಾಯಿ ಲೆಕ್ಕದಲ್ಲಿ 3,10,500 ರೂಪಾಯಿ. ಮೇಲ್ನೋಟಕ್ಕೆ ಒಬ್ಬರಿಗೆ ಒಂದೂವರೆ ಲಕ್ಷ ಉಳಿತಾಯ. ಈಗ ಏರ್‌ಲೈನ್‌ನಲ್ಲೇ ಎರಡು ದಿನ ಮುಂಚೆ ಹೊರಟರೆ, ಬದಲಾವಣೆಗೆ ಶುಲ್ಕ ಇರುವ ಕೆಳಗಿನ ದರದಲ್ಲಿ, 3,75,000ಕ್ಕೆ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಉಳಿತಾಯ 64,500ಕ್ಕೆ ಬಂತು. ಏಜೆನ್ಸಿ ತನ್ನ ಸರ್ವಿಸ್ ಶುಲ್ಕವನ್ನು ಕೊನೆಗೆ ಸೇರಿಸಿದರೆ ಇನ್ನೂ ಕಡಿಮೆ. 64,500 ಕೂಡ ಸಣ್ಣ ಹಣ ಅಲ್ಲ, ಇಬ್ಬರಿಗೆ ಸೇರಿ ಲಕ್ಷ ದಾಟುತ್ತದೆ. ಆದರೆ ನೀವು ಮೈಮೇಲೆ ಹಾಕಿಕೊಳ್ಳುವ ಅಪಾಯವನ್ನು ತೂಗಬೇಕಾದ್ದು ಈ ಮೊತ್ತದ ಎದುರಿಗೆ, ಮೇಲ್ನೋಟದ ಆ ಒಂದೂವರೆ ಲಕ್ಷದ ಎದುರಿಗೆ ಅಲ್ಲ.

ತೆರಿಗೆಯ ಮಾತೂ ಇಲ್ಲಿ ಬರುತ್ತದೆ. ಭಾರತದಿಂದ ಹೊರಡುವ ಬಿಸಿನೆಸ್ ಕ್ಲಾಸ್ ಟಿಕೆಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12%ನಿಂದ 18%ಗೆ ಏರಿದೆ. ಇಕಾನಮಿಗೆ 5% ಹಾಗೇ ಇದೆ. ಅದರ ಜೊತೆಗೆ ಏರ್‌ಪೋರ್ಟ್ ಶುಲ್ಕಗಳು, ಏರ್‌ಲೈನ್‌ನ ಸರ್‌ಚಾರ್ಜ್. ಏರ್‌ಲೈನ್ ವೆಬ್‌ಸೈಟ್ ತೋರಿಸುವ ಕೊನೆಯ ಮೊತ್ತದಲ್ಲಿ ಇವೆಲ್ಲ ಸೇರಿರುತ್ತವೆ. ಏಜೆಂಟ್ ಫೋನ್‌ನಲ್ಲಿ ಹೇಳುವ ಮೊತ್ತದಲ್ಲಿ ಸೇರಿದೆಯಾ ಅಂತ ಕೇಳಿ. ಅಮೆರಿಕದಲ್ಲಿ 2012ರಿಂದಲೂ ಒಂದು ನಿಯಮ ಇದೆ: ಜಾಹೀರಾತಿನ ದರದಲ್ಲಿ ಕಡ್ಡಾಯ ತೆರಿಗೆ, ಶುಲ್ಕ ಎಲ್ಲ ಸೇರಿರಲೇಬೇಕು. ಇದು ಏಜೆನ್ಸಿಗಳಿಗೂ ಅನ್ವಯಿಸುತ್ತದೆ. ಹಾಗಿರುವಾಗ ಯಾರಾದರೂ '3,450, ಅದರ ಮೇಲೆ ಟ್ಯಾಕ್ಸ್' ಅಂದರೆ ಅಲ್ಲೇ ಎಚ್ಚರ ಆಗಿ.

ಈಗ ಕಾರಣಗಳಿಗೆ ಬರೋಣ. ಒಳ್ಳೆಯ ಕಾರಣ ಅಂದರೆ ಕನ್ಸಾಲಿಡೇಟರ್ ದರ. ಏರ್‌ಲೈನ್‌ಗಳು ಕೆಲವು ಸಗಟು ಏಜೆನ್ಸಿಗಳಿಗೆ ಕಡಿಮೆ ದರ ಕೊಡುತ್ತವೆ. ಆ ದರವನ್ನು ಬಹಿರಂಗವಾಗಿ ಪ್ರಕಟಿಸುವಂತಿಲ್ಲ. ಏಜೆನ್ಸಿ ತನ್ನ ಲಾಭ ಸೇರಿಸಿ ಮಾರುತ್ತದೆ. ತನ್ನ ವೆಬ್‌ಸೈಟ್‌ನಲ್ಲೇ ಬೆಲೆ ಇಳಿಸಿದರೆ ಕಂಪನಿ ಗಿರಾಕಿಗಳೂ ಅದನ್ನೇ ಕೊಳ್ಳುತ್ತಾರಲ್ಲ, ಅದಕ್ಕೇ ಏರ್‌ಲೈನ್ ಹೀಗೆ ಹಿಂಬಾಗಿಲಿನಿಂದ ಸೀಟು ತುಂಬಿಸುತ್ತದೆ. ಬಹಳಷ್ಟು ಏಜೆನ್ಸಿಗಳು ಬೆಲೆ ಹಾಕದೆ 'ಫೋನ್ ಮಾಡಿ' ಅನ್ನುವುದಕ್ಕೂ ಇದೇ ಕಾರಣ ಇರಬಹುದು. ಇಂಥ ಟಿಕೆಟ್ ಪೂರ್ತಿ ಸಕ್ರಮ. ನಿಮ್ಮ ಅಪ್ಪ ಅಮ್ಮ ಎಲ್ಲರ ಜೊತೆ ಅದೇ ಸೀಟಿನಲ್ಲಿ ಕೂರುತ್ತಾರೆ. ಬೆಲೆಗೆ ಪ್ರತಿಯಾಗಿ ನೀವು ಬಿಟ್ಟುಕೊಡುವುದು ಸಡಿಲಿಕೆಯನ್ನು: ರೀಫಂಡ್ ಇರುವುದಿಲ್ಲ ಅಥವಾ ತುಂಬಾ ಕಡಿಮೆ, ದಿನ ಬದಲಾಯಿಸಿದರೆ ಏರ್‌ಲೈನ್ ಶುಲ್ಕದ ಮೇಲೆ ಏಜೆನ್ಸಿಯ ಶುಲ್ಕ, ಮೈಲ್ಸ್ (ಪ್ರಯಾಣಕ್ಕೆ ಏರ್‌ಲೈನ್ ಕೊಡುವ ಪಾಯಿಂಟ್) ಕಡಿಮೆ.

ಎರಡನೆಯದು, ಯಾರಿಗೋ ಮೀಸಲಾದ ದರವನ್ನು ನಿಮಗೆ ಮಾರುವುದು. ಹಡಗಿನಲ್ಲಿ ಕೆಲಸ ಮಾಡುವವರಿಗೆ, ವಿದ್ಯಾರ್ಥಿಗಳಿಗೆ, ಟೂರ್ ಪ್ಯಾಕೇಜ್‌ನಲ್ಲಿ ಹೋಗುವವರಿಗೆ ಬೇರೆ ಬೇರೆ ದರಗಳಿರುತ್ತವೆ. ಹಡಗು ಸಿಬ್ಬಂದಿಯ ದರದಲ್ಲಿ ಟಿಕೆಟ್ ಕೊಟ್ಟಿದ್ದರೆ ಚೆಕ್-ಇನ್ ಕೌಂಟರ್‌ನಲ್ಲಿ ಅದಕ್ಕೆ ತಕ್ಕ ದಾಖಲೆ ಕೇಳಬಹುದು. 74ರ ಹಿರಿಯರು ಎಲ್ಲಿಂದ ತೋರಿಸುತ್ತಾರೆ? 'ಈ ದರಕ್ಕೆ ಪ್ರಯಾಣಿಕರ ಬಗ್ಗೆ ಏನಾದರೂ ಷರತ್ತು ಇದೆಯಾ?' ಅಂತ ನೇರವಾಗಿ ಕೇಳಿ.

ಮೂರನೆಯದು ತುಂಬಾ ಸಾಮಾನ್ಯ, ಮತ್ತು ಅಮ್ಮನ ಮಂಡಿಗೆ ನೇರವಾಗಿ ಸಂಬಂಧಿಸಿದ್ದು. 'ಬಿಸಿನೆಸ್ ಕ್ಲಾಸ್' ಅಂತ ಹೆಸರು ಮಾತ್ರ, ಅರ್ಧ ದಾರಿ ಇಕಾನಮಿ. ಇದನ್ನು ಮಿಕ್ಸೆಡ್ ಕ್ಯಾಬಿನ್ ಅನ್ನುತ್ತಾರೆ. ಬೆಂಗಳೂರಿನಿಂದ ದುಬೈಗೆ ಸುಮಾರು 4 ಗಂಟೆ, ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 16 ಗಂಟೆ. ಆ 4 ಗಂಟೆ ಬಿಸಿನೆಸ್, 16 ಗಂಟೆ ಇಕಾನಮಿ ಆದರೆ ನೀವು ಹಣ ಕೊಟ್ಟಿದ್ದು ಯಾತಕ್ಕೆ? ಮಾರುವ ಪುಟದಲ್ಲಿ ಇದನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಚೆಕ್-ಇನ್ ಸಾಲಿನಲ್ಲಿ ನಿಂತಾಗ ಗೊತ್ತಾಗಿ ಹಿರಿಯರು ಮಗನಿಗೆ ಫೋನ್ ಮಾಡಿ ಕೇಳುವುದನ್ನು ನೋಡಿದ್ದೇನೆ. ಆ ಹೊತ್ತಿಗೆ ಕೌಂಟರ್‌ನವರು ಏನೂ ಮಾಡಲು ಆಗುವುದಿಲ್ಲ. ಟಿಕೆಟ್‌ನಲ್ಲಿ ಬಿಸಿನೆಸ್ ಅಂತ ಇದ್ದು ಏರ್‌ಲೈನ್ ತಾನಾಗಿ ಕೆಳಗಿನ ಕ್ಲಾಸ್‌ಗೆ ಹಾಕಿದರೆ ಅದು ಬೇರೆ. ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2023ರ ಫೆಬ್ರವರಿಯಿಂದ ಜಾರಿಗೆ ತಂದ ನಿಯಮದ ಪ್ರಕಾರ 3,500 ಕಿಲೋಮೀಟರ್‌ಗಿಂತ ದೂರದ ಅಂತರರಾಷ್ಟ್ರೀಯ ವಿಮಾನವಾದರೆ ಟಿಕೆಟ್ ಹಣದ 75% ವಾಪಸ್ ಬರಬೇಕು. ಆದರೆ ಟಿಕೆಟ್‌ನಲ್ಲೇ ಆ ಸೆಕ್ಟರ್, ಅಂದರೆ ಪ್ರಯಾಣದ ಆ ಒಂದು ವಿಮಾನದ ಭಾಗ, ಇಕಾನಮಿ ಅಂತ ಬರೆದಿದ್ದರೆ ಈ ನಿಯಮ ನಿಮ್ಮ ನೆರವಿಗೆ ಬರುವುದಿಲ್ಲ.

ಪೂರ್ತಿ ಬಿಸಿನೆಸ್ ಆದರೂ ಎಲ್ಲ ಬಿಸಿನೆಸ್ ಒಂದೇ ಅಲ್ಲ. ಎಮಿರೇಟ್ಸ್ 2019ರಲ್ಲಿ, ಕತಾರ್ ಏರ್‌ವೇಸ್ 2020ರಲ್ಲಿ ಸವಲತ್ತು ಕಡಿತ ಮಾಡಿದ ಬಿಸಿನೆಸ್ ದರಗಳನ್ನು ತಂದವು. ಸೀಟು ಅದೇ ಮಲಗುವ ಸೀಟು, ಆದರೆ ಲೌಂಜ್ ಇಲ್ಲ. ಮೂರು ನಾಲ್ಕು ಗಂಟೆ ಮಧ್ಯದ ಏರ್‌ಪೋರ್ಟ್‌ನಲ್ಲಿ ಕಾಯಬೇಕಾದ ಹಿರಿಯರಿಗೆ ಲೌಂಜ್ ಅನ್ನುವುದು ಶೋಕಿಯ ವಿಷಯ ಅಲ್ಲ. ಕಾಲು ಚಾಚಲು ಜಾಗ, ಹತ್ತಿರದಲ್ಲೇ ಟಾಯ್ಲೆಟ್, ಮಾತ್ರೆ ತೆಗೆದುಕೊಳ್ಳುವ ಮುಂಚೆ ಒಂದಿಷ್ಟು ಊಟ. ಅದು ಬೇಕೇ ಬೇಕು ಅಂತ ನಾನು ಹೇಳುತ್ತೇನೆ. ಮತ್ತೆ, ಫ್ರಾಂಕ್‌ಫರ್ಟ್‌ಗೋ ಪ್ಯಾರಿಸ್‌ಗೋ ಹೋಗಿ ಅಲ್ಲಿಂದ ಯುರೋಪ್‌ನ ಇನ್ನೊಂದು ಊರಿಗೆ ಹಾರಿ ನಂತರ ಅಮೆರಿಕಕ್ಕೆ ಹೋಗುವ ಸುತ್ತುಬಳಸಿನ ದಾರಿ ಕೊಟ್ಟಿದ್ದರೆ ತಿಳಿದಿರಿ: ಯುರೋಪ್ ಒಳಗಿನ ಬಿಸಿನೆಸ್ ಕ್ಲಾಸ್ ಅಂದರೆ ಸಾಮಾನ್ಯವಾಗಿ ಇಕಾನಮಿ ಸೀಟೇ, ಪಕ್ಕದ ಸೀಟು ಖಾಲಿ ಬಿಟ್ಟಿರುತ್ತಾರೆ ಅಷ್ಟೇ.

ಸೀಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ನಿಮ್ಮ ಖರ್ಚೆಲ್ಲ ಅದಕ್ಕೇ ಅಲ್ವಾ? ಹಳೆಯ ಲುಫ್ಟಾನ್ಸಾ ಬಿಸಿನೆಸ್ ಕ್ಯಾಬಿನ್‌ಗಳಲ್ಲಿ ಸಾಲಿಗೆ 2-2-2, ಅಂದರೆ ಎರಡೆರಡು ಸೀಟುಗಳ ಮೂರು ಗುಂಪು, ನಡುವೆ ಓಡಾಡುವ ದಾರಿ. ಎಮಿರೇಟ್ಸ್‌ನ ಇನ್ನೂ ಹೊಸದಾಗಿ ಮಾಡದ 777ಗಳಲ್ಲಿ 2-3-2, ಅಂದರೆ ಬಿಸಿನೆಸ್ ಕ್ಲಾಸ್‌ನಲ್ಲೂ ನಡುವಿನ ಸೀಟು. ಅದೇ ಏರ್‌ಲೈನ್‌ನ ಎ380ರಲ್ಲಿ 1-2-1, ಪ್ರತಿ ಸೀಟಿಗೂ ಓಡಾಡುವ ದಾರಿ. ಮಂಡಿ ಬಗ್ಗಿಸಲು ಕಷ್ಟ ಇರುವವರು 2-2-2ರಲ್ಲಿ ಕಿಟಕಿ ಪಕ್ಕ ಕೂತರೆ, ರಾತ್ರಿ ಟಾಯ್ಲೆಟ್‌ಗೆ ಏಳುವಾಗ ಪಕ್ಕದವರ ಚಾಚಿದ ಕಾಲುಗಳನ್ನು ದಾಟಬೇಕು. ಪಕ್ಕದಲ್ಲಿ ಅಪ್ಪನೇ ಇದ್ದರೆ ಸರಿ, ಎಬ್ಬಿಸುತ್ತಾರೆ. ಅಪರಿಚಿತರಿದ್ದರೆ ಬೆಳಗಿನವರೆಗೂ ಸುಮ್ನೆ ತಡೆದುಕೊಂಡು ಕೂರುವ ಅಮ್ಮಂದಿರೇ ಹೆಚ್ಚು. ಆದ್ದರಿಂದ ಏಜೆಂಟ್ ಹತ್ತಿರ ವಿಮಾನ ಸಂಖ್ಯೆ ಮತ್ತು ವಿಮಾನದ ಮಾದರಿ ತೆಗೆದುಕೊಳ್ಳಿ. ಏರ್‌ಲೈನ್ ವೆಬ್‌ಸೈಟ್‌ನ ಸೀಟ್ ಮ್ಯಾಪ್ ತೆರೆದು ನೋಡಿ. ವಿಮಾನವನ್ನು ನಿಜವಾಗಿ ಯಾರು ಹಾರಿಸುತ್ತಾರೆ ಅಂತಲೂ ನೋಡಿ. ಟಿಕೆಟ್ ಮೇಲಿನ ಹೆಸರು ಒಂದು, ಹಾರಿಸುವವರು ಇನ್ನೊಬ್ಬರು ಆಗಿದ್ದರೆ ಸೀಟು, ಊಟ ಎಲ್ಲ ಹಾರಿಸುವವರದ್ದೇ.

ನಾಲ್ಕನೆಯ ಕಾರಣ, ಎರಡು ಬೇರೆ ಟಿಕೆಟ್‌ಗಳನ್ನು ಅಂಟಿಸಿ ಒಂದು ಪ್ರಯಾಣ ಅಂತ ಮಾರುವುದು. ಬೆಂಗಳೂರಿನಿಂದ ಒಂದು ಏರ್‌ಲೈನ್, ಮಧ್ಯದ ಊರಿನಿಂದ ಇನ್ನೊಂದು. ಎರಡಕ್ಕೂ ಸಂಬಂಧವಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಏರ್‌ಲೈನ್‌ಗೆ ನೀವು ನೋ-ಶೋ, ಅಂದರೆ ಬಾರದೇ ಇದ್ದವರು. ಲಗೇಜ್ ನೇರವಾಗಿ ಹೋಗುವ ಖಾತ್ರಿಯೂ ಇಲ್ಲ. ಮಧ್ಯದಲ್ಲಿ ಇಳಿದು ಇಮಿಗ್ರೇಷನ್ ದಾಟಿ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಿ ಬಂದರೆ ಆ ದೇಶದ ವೀಸಾ ಬೇಕಾಗಬಹುದು. 'ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಾ? ಲಗೇಜ್ ಬೆಂಗಳೂರಿನಲ್ಲಿ ಹಾಕಿದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಸಿಗುತ್ತದಾ?' ಈ ಎರಡು ಪ್ರಶ್ನೆಗೆ ಹೌದು ಅನ್ನದಿದ್ದರೆ, ಬೆಲೆ ಎಷ್ಟೇ ಕಡಿಮೆ ಇರಲಿ, ವಯಸ್ಸಾದವರಿಗೆ ಬೇಡ. ಕೊಲಂಬೊದಿಂದ ಹೊರಟರೆ ಬಿಸಿನೆಸ್ ದರ ಕಡಿಮೆ ಅಂತ ಸ್ನೇಹಿತರು ಹೇಳಬಹುದು. ಎಷ್ಟೋ ಸಲ ನಿಜ. ಒಬ್ಬಂಟಿ ಓಡಾಡುವ ಗಟ್ಟಿಗರು ಮಾಡಲಿ. ನಿಮ್ಮ ಅಮ್ಮನಿಗೆ ಇನ್ನೊಂದು ವಿಮಾನ ಹತ್ತಿ ಇಳಿಯುವ ಶಿಕ್ಷೆ ಯಾಕೆ?

ಐದನೆಯದನ್ನು ಕಂಡರೆ ಫೋನ್ ಇಟ್ಟುಬಿಡಿ. ಬೇರೆಯವರ ಮೈಲ್ಸ್‌ನಿಂದ ತೆಗೆದ ಟಿಕೆಟ್. ಕೆಲವು ದಲ್ಲಾಳಿಗಳು ಯಾರದೋ ಖಾತೆಯಲ್ಲಿ ಸೇರಿದ ಮೈಲ್ಸ್ ಕೊಂಡು, ಅದರಲ್ಲಿ ಟಿಕೆಟ್ ತೆಗೆದು, ನಿಮಗೆ ಹಣಕ್ಕೆ ಮಾರುತ್ತಾರೆ. ಮೈಲ್ಸ್ ಮಾರುವುದನ್ನು ಏರ್‌ಲೈನ್‌ಗಳು ತಮ್ಮ ನಿಯಮದಲ್ಲೇ ನಿಷೇಧಿಸಿವೆ. ಗೊತ್ತಾದರೆ ಟಿಕೆಟ್ ರದ್ದು, ಅದೂ ಯಾವಾಗ ಬೇಕಾದರೂ. ಬರುವಾಗ ಸರಿಯಾಗಿ ಬಂದು, ಆರು ತಿಂಗಳ ನಂತರ ವಾಪಸ್ ಹೊರಡುವಾಗ ಟಿಕೆಟ್ ಇಲ್ಲ ಅಂತ ಆಗಬಹುದು. ಇದನ್ನು ಗುರುತಿಸುವುದು ಹೇಗೆ? 'ಈ ಟಿಕೆಟ್‌ಗೆ ಮೈಲ್ಸ್ ಬರುತ್ತದಾ?' ಅಂತ ಕೇಳಿ. ಮೈಲ್ಸ್‌ನಿಂದ ತೆಗೆದ ಟಿಕೆಟ್‌ಗೆ ಮತ್ತೆ ಮೈಲ್ಸ್ ಬರುವುದಿಲ್ಲ. 'ಏರ್‌ಲೈನ್‌ಗೆ ಫೋನ್ ಮಾಡಬೇಡಿ, ಏನಿದ್ದರೂ ನಮಗೇ ಹೇಳಿ' ಅಂತ ಒತ್ತಿ ಹೇಳಿದರೆ ಅದು ದೊಡ್ಡ ಸುಳಿವು. ಟಿಕೆಟ್ ಯಾರ ಖಾತೆಯಿಂದ ಬಂದಿದೆ ಅಂತ ಯಾರಾದರೂ ಕೇಳಿದರೆ 'ಸ್ನೇಹಿತರು ಕೊಟ್ಟರು ಅನ್ನಿ' ಅಂತ ಹೇಳಿಕೊಟ್ಟರೆ ಇನ್ನು ಯೋಚಿಸುವುದಕ್ಕೇ ಏನೂ ಉಳಿದಿಲ್ಲ.

ಹಾಗಾದರೆ ಏಜೆಂಟ್‌ಗೆ ಬರೆಯಬೇಕಾದ್ದು ಇಷ್ಟು. ಪ್ರತಿ ಸೆಕ್ಟರ್‌ಗೂ ವಿಮಾನ ಸಂಖ್ಯೆ, ಹಾರಿಸುವ ಏರ್‌ಲೈನ್, ಬುಕಿಂಗ್ ಕ್ಲಾಸ್ ಅಕ್ಷರ ಮತ್ತು ಫೇರ್ ಬೇಸಿಸ್ (ಆ ದರದ ನಿಯಮಗಳನ್ನು ಸೂಚಿಸುವ ಕೋಡ್) ಕೊಡಿ. ಎಲ್ಲ ಸೇರಿ ಕೊನೆಯ ಮೊತ್ತ ಎಷ್ಟು? ಹೊರಡುವ ಮುಂಚೆ ಮತ್ತು ಹೊರಟ ಮೇಲೆ ದಿನ ಬದಲಾಯಿಸಲು ಏರ್‌ಲೈನ್ ಶುಲ್ಕ ಎಷ್ಟು, ನಿಮ್ಮ ಶುಲ್ಕ ಎಷ್ಟು? ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್? ಲೌಂಜ್ ಇದೆಯಾ, ಲಗೇಜ್ ಎಷ್ಟು? ಹಲವು ಏರ್‌ಲೈನ್‌ಗಳು ಅಮೆರಿಕ ಪ್ರಯಾಣದ ಬಿಸಿನೆಸ್ ಕ್ಲಾಸ್‌ಗೆ 32 ಕಿಲೋದ ಎರಡು ಪೆಟ್ಟಿಗೆ ಕೊಡುತ್ತವೆ. ಇದಕ್ಕಿಂತ ಕಡಿಮೆ ಹೇಳಿದರೆ ಯಾಕೆ ಅಂತ ಕೇಳಬೇಕು. ಈ ಪ್ರಶ್ನೆಗಳಿಗೆಲ್ಲ ನಿಜವಾದ ಕನ್ಸಾಲಿಡೇಟರ್ ಏಜೆಂಟ್ ಹತ್ತು ನಿಮಿಷದಲ್ಲಿ ಇಮೇಲ್ ಮಾಡುತ್ತಾರೆ, ಎಲ್ಲ ಅವರ ಸ್ಕ್ರೀನ್ ಮೇಲೇ ಇರುತ್ತದೆ. ಬುಕಿಂಗ್ ಕ್ಲಾಸ್ ಹೇಳಲು ಹಿಂಜರಿಯುವವರ ಹತ್ತಿರ ವ್ಯವಹಾರ ಬೇಡ. 'ನಾಳೆ ಈ ರೇಟ್ ಇರಲ್ಲ' ಅನ್ನುವ ಮಾತು ಪೂರ್ತಿ ಸುಳ್ಳಲ್ಲ, ಕೆಳಗಿನ ಕ್ಲಾಸ್‌ನ ಸೀಟು ಮುಗಿಯುವುದು ಹೌದು. ಆದರೆ ಬಹಳಷ್ಟು ದರಗಳಲ್ಲಿ ಟಿಕೆಟ್ ಮಾಡದೆ ಸೀಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ದಾರಿ ಏಜೆಂಟ್‌ಗೆ ಇರುತ್ತದೆ. ಹಿಡಿದು ಪಿಎನ್‌ಆರ್ ಕಳಿಸಿ ಅನ್ನಿ. ಅದನ್ನು ಏರ್‌ಲೈನ್ ವೆಬ್‌ಸೈಟ್‌ನಲ್ಲಿ ಹಾಕಿ, ಪ್ರತಿ ಸೆಕ್ಟರ್‌ನ ಮುಂದೆ 'ಬಿಸಿನೆಸ್' ಅಂತ ಇದೆಯಾ ನೋಡಿ.

ಇಲ್ಲೇ ತುಂಬಾ ಜನ ಎಡವುವುದು. ಪಿಎನ್‌ಆರ್ ಬಂತು, ಏರ್‌ಲೈನ್ ವೆಬ್‌ಸೈಟ್‌ನಲ್ಲಿ ಅಪ್ಪ ಅಮ್ಮನ ಹೆಸರೂ ಕಾಣಿಸಿತು, ಟಿಕೆಟ್ ಆಯಿತು ಅಂದುಕೊಳ್ಳುತ್ತಾರೆ. ಪಿಎನ್‌ಆರ್ ಅನ್ನುವುದು ಸೀಟು ಹಿಡಿದ ಗುರುತು ಮಾತ್ರ. ಆರು ಅಕ್ಷರ, ಅಂಕಿಗಳ ಜೋಡಣೆ. ಹಣ ಏರ್‌ಲೈನ್‌ಗೆ ಮುಟ್ಟಿ ಟಿಕೆಟ್ ಆಗಿದೆ ಅನ್ನುವುದಕ್ಕೆ ಸಾಕ್ಷಿ 13 ಅಂಕಿಯ ಇ-ಟಿಕೆಟ್ ನಂಬರ್. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಏರ್‌ಲೈನ್‌ನದ್ದು: ಏರ್ ಇಂಡಿಯಾ 098, ಎಮಿರೇಟ್ಸ್ 176, ಲುಫ್ಟಾನ್ಸಾ 220, ಬ್ರಿಟಿಷ್ ಏರ್‌ವೇಸ್ 125, ಕತಾರ್ 157, ಸಿಂಗಪುರ ಏರ್‌ಲೈನ್ಸ್ 618. ಒಬ್ಬೊಬ್ಬರಿಗೂ ಬೇರೆ ನಂಬರ್ ಇರಬೇಕು. ಹಣ ಪಡೆದು, ಬರೀ ಹಿಡಿದಿಟ್ಟ ಪಿಎನ್‌ಆರ್ ಕಳಿಸಿ ಸುಮ್ಮನಾಗುವ ಮೋಸಗಾರರಿದ್ದಾರೆ. ಗಡುವು ಮುಗಿದ ಕೂಡಲೇ ಅದು ತಾನಾಗಿ ಬಿದ್ದುಹೋಗುತ್ತದೆ. ಹಣ ಕಟ್ಟಿದ ದಿನವೇ 13 ಅಂಕಿ ಕೇಳಿ. ಬಂದ ಮೇಲೆ ಏರ್‌ಲೈನ್‌ಗೆ ಫೋನ್ ಮಾಡಿ, ಎರಡೂ ಟಿಕೆಟ್ ಚಾಲ್ತಿಯಲ್ಲಿದೆಯಾ, ವಾಪಸ್ ಬರುವ ಸೆಕ್ಟರ್‌ಗಳೂ ಸೇರಿವೆಯಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಮೊದಲ ಮೂರು ಅಂಕಿ ನೀವು ಕೊಂಡ ಏರ್‌ಲೈನ್‌ನದ್ದಲ್ಲದಿದ್ದರೆ ಗಾಬರಿ ಬೇಡ, ಜೊತೆಗಾರ ಏರ್‌ಲೈನ್ ಹೆಸರಲ್ಲಿ ಟಿಕೆಟ್ ಮಾಡುವುದುಂಟು. ಆದರೆ ವಿವರಣೆ ಕೇಳಿ.

ಏಜೆನ್ಸಿಯ ಪೂರ್ವಾಪರ ನೋಡುವುದು ನಿಮಗೆ ಸುಲಭ, ಯಾಕಂದರೆ ನೀವು ಕ್ಯಾಲಿಫೋರ್ನಿಯಾದಲ್ಲಿದ್ದೀರಿ. ಅಲ್ಲಿ ಪ್ರಯಾಣ ಮಾರುವವರು ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. 'ಸಿಎಸ್‌ಟಿ' ಅಂತ ಶುರುವಾಗುವ ನಂಬರ್ ಸಿಗುತ್ತದೆ, ಅದನ್ನು ಜಾಹೀರಾತಿನಲ್ಲೂ ಹಾಕಬೇಕು. ಆ ಕಚೇರಿಯ ವೆಬ್‌ಸೈಟ್‌ನಲ್ಲಿ ಹುಡುಕಿದರೆ ನೋಂದಣಿ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ಫ್ಲಾರಿಡಾ, ವಾಷಿಂಗ್ಟನ್, ಹವಾಯಿಯಲ್ಲೂ ಇಂಥದೇ ಕಾನೂನುಗಳಿವೆ. ಏರ್‌ಲೈನ್‌ಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎಯ ನಂಬರ್ ಕೊಟ್ಟರೆ ಅದನ್ನು ಐಎಟಿಎ ವೆಬ್‌ಸೈಟ್‌ನಲ್ಲೇ ಪರೀಕ್ಷಿಸಬಹುದು. ವೆಬ್‌ಸೈಟ್ ಕೆಳಗೆ ಲೋಗೋ ಅಂಟಿಸುವುದು ಯಾರಿಗೂ ಕಷ್ಟ ಅಲ್ಲ. ನಂಬರ್ ಮತ್ತು ವಿಳಾಸ ಎರಡೂ ತಾಳೆಯಾಗಬೇಕು.

ಹಣ ಕ್ರೆಡಿಟ್ ಕಾರ್ಡ್‌ನಲ್ಲೇ ಕೊಡಿ. ಜೆಲ್ (ಖಾತೆಯಿಂದ ಖಾತೆಗೆ ನೇರ ಹಣ ಕಳಿಸುವ ಅಮೆರಿಕದ ಸೇವೆ), ವೈರ್ ಟ್ರಾನ್ಸ್‌ಫರ್ ಯಾವುದೂ ಬೇಡ, 'ಕಾರ್ಡ್ ಆದರೆ 3% ಜಾಸ್ತಿ' ಅಂದರೂ ಬೇಡ. ಊರಲ್ಲಿರುವ ತಮ್ಮನೋ ತಂಗಿಯೋ ಯುಪಿಐನಲ್ಲಿ ಯಾರದೋ ವೈಯಕ್ತಿಕ ಖಾತೆಗೆ ಹಾಕುವುದಂತೂ ಬೇಡವೇ ಬೇಡ. ಅಮೆರಿಕದ ಕಾನೂನಿನಲ್ಲಿ ಕಾರ್ಡ್ ಬಿಲ್‌ನ ತಪ್ಪನ್ನು, ಬಿಲ್ ಕಳಿಸಿದ 60 ದಿನದೊಳಗೆ ಬರಹದಲ್ಲಿ ಪ್ರಶ್ನಿಸುವ ಹಕ್ಕಿದೆ. ನಗದಿನಂತೆ ಹೋದ ಹಣಕ್ಕೆ ಆ ರಕ್ಷಣೆ ಇಲ್ಲ. ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿ ಯಾರ ಹೆಸರು ಬಂದಿದೆ ಅಂತಲೂ ನೋಡಿ ಇಟ್ಟುಕೊಳ್ಳಿ. ಏರ್‌ಲೈನ್ ಹೆಸರಲ್ಲಿ ಒಂದು ಮೊತ್ತ, ಏಜೆನ್ಸಿ ಹೆಸರಲ್ಲಿ ಸಣ್ಣ ಮೊತ್ತ ಬಂದರೆ ಅದು ಸಹಜ. ಅಮೆರಿಕಕ್ಕೆ ಬಂದು ಹೋಗುವ ವಿಮಾನಗಳ ಬಗ್ಗೆ 2024ರಲ್ಲಿ ಬಂದ ನಿಯಮದಲ್ಲಿ, ಏರ್‌ಲೈನ್ ತಾನಾಗಿ ವಿಮಾನ ರದ್ದು ಮಾಡಿದರೆ, ಅಥವಾ ಅಂತರರಾಷ್ಟ್ರೀಯ ಪ್ರಯಾಣದ ಸಮಯವನ್ನು ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಬದಲಾಯಿಸಿ ನೀವು ಒಪ್ಪದಿದ್ದರೆ, ಪೂರ್ತಿ ಹಣ ವಾಪಸ್. ಕಾರ್ಡ್‌ನಲ್ಲಿ ಹೆಸರು ಏಜೆನ್ಸಿಯದ್ದಾದರೆ ಹಣ ಕೊಡಬೇಕಾದವರೂ ಅವರೇ. 'ರೀಫಂಡ್ ಇಲ್ಲದ ಟಿಕೆಟ್' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಇನ್ನೊಂದು: ಬುಕ್ ಮಾಡಿ 24 ಗಂಟೆಯೊಳಗೆ ಉಚಿತವಾಗಿ ರದ್ದು ಮಾಡುವ ಅಮೆರಿಕದ ನಿಯಮ ಏರ್‌ಲೈನ್‌ನಿಂದ ನೇರವಾಗಿ ಕೊಂಡರೆ ಮಾತ್ರ ಕಡ್ಡಾಯ. ಏಜೆನ್ಸಿಗೆ ಕಡ್ಡಾಯವಲ್ಲ. ಅವರಾಗಿ ಕೊಡುತ್ತಾರಾ ಅಂತ ಕೇಳಿ.

ಭಾರತದಿಂದ ಕೊಳ್ಳುವವರಿಗೆ ಎರಡು ಮಾತು. ಏಜೆಂಟ್ ಮೂಲಕ ಕೊಂಡರೂ ರೀಫಂಡ್ ಹೊಣೆ ಏರ್‌ಲೈನ್‌ನದ್ದೇ ಅಂತ ಡಿಜಿಸಿಎ ನಿಯಮ ಹೇಳುತ್ತದೆ. ಏಜೆಂಟ್‌ಗಳು ಏರ್‌ಲೈನ್‌ನ ಪ್ರತಿನಿಧಿಗಳು ಅನ್ನುವುದು ಅದರ ಆಧಾರ. ವಂಚನೆ ಅಂತ ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸೇವೆಯ ತಕರಾರಾದರೆ ಗ್ರಾಹಕ ಸಹಾಯವಾಣಿ 1915.

ಇಷ್ಟೆಲ್ಲ ಸರಿಯಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಏನಾದರೂ ಎಡವಟ್ಟಾದಾಗ ಟಿಕೆಟ್ ಯಾರ ಕೈಯಲ್ಲಿರುತ್ತದೆ? ಏಜೆನ್ಸಿ ಮಾಡಿದ ಟಿಕೆಟ್‌ನ ದಿನ ಬದಲಾಯಿಸಬೇಕಾದರೆ ಏರ್‌ಲೈನ್‌ನವರು ಸಾಮಾನ್ಯವಾಗಿ 'ನಿಮ್ಮ ಏಜೆಂಟ್ ಹತ್ತಿರ ಹೋಗಿ' ಅನ್ನುತ್ತಾರೆ. ಅಪ್ಪ ಅಮ್ಮ ಅಮೆರಿಕಕ್ಕೆ ಬಂದು ಐದಾರು ತಿಂಗಳು ಇರುತ್ತಾರೆ. ಆ ಮಧ್ಯೆ ಊರಲ್ಲಿ ಯಾರದೋ ಮದುವೆ ನಿಶ್ಚಯವಾಗುತ್ತದೆ, ಯಾರೋ ಆಸ್ಪತ್ರೆ ಸೇರುತ್ತಾರೆ, ಅಥವಾ ಅಪ್ಪನಿಗೇ ಚಳಿ ತಡೆಯದೆ ಬೇಗ ಹೋಗಬೇಕು ಅನ್ನಿಸುತ್ತದೆ. ಅಪ್ಪ ಅಮ್ಮನ ವಾಪಸ್ ಟಿಕೆಟ್ ಬದಲಾಗುವುದು ಅಪರೂಪ ಏನಲ್ಲ. ಆಗ ನಿಮ್ಮ ಏಜೆಂಟ್ ಫೋನ್ ಎತ್ತುತ್ತಾರಾ, ಶನಿವಾರ ರಾತ್ರಿ ಎತ್ತುತ್ತಾರಾ, ಬದಲಾವಣೆಗೆ ಎಷ್ಟು ಕೇಳುತ್ತಾರೆ? ಏರ್‌ಲೈನ್ ಸಮಯ ಬದಲಾಯಿಸಿದಾಗಲೂ ಅಷ್ಟೇ. ಇಮೇಲ್ ಹೋಗುವುದು ಏಜೆನ್ಸಿಗೆ, ಅವರು ನಿಮಗೆ ತಿಳಿಸಿದರೆ ಉಂಟು. ಅದಕ್ಕೇ ಟಿಕೆಟ್ ಆದ ಕೂಡಲೇ ಏರ್‌ಲೈನ್ ವೆಬ್‌ಸೈಟ್‌ನಲ್ಲಿ ಆ ಪಿಎನ್‌ಆರ್‌ಗೆ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್ ಸೇರಿಸಿ. ವಾರಕ್ಕೊಮ್ಮೆ ತೆರೆದು ನೋಡಿ.

ಈಗ ನಿಮ್ಮ ವಿಷಯ. ಮೊದಲು ಏರ್‌ಲೈನ್‌ನಲ್ಲೇ ದಿನ ಆಚೀಚೆ ಮಾಡಿ, ವಾಪಸ್ ದಿನವನ್ನು ಬದಲಾಯಿಸಲು ಬಿಡುವ ದರ ಎಷ್ಟಕ್ಕೆ ಸಿಗುತ್ತದೆ ನೋಡಿ. ಏಜೆನ್ಸಿಗೂ ಅದಕ್ಕೂ ಒಬ್ಬರಿಗೆ 40–50 ಸಾವಿರದೊಳಗಿನ ವ್ಯತ್ಯಾಸ ಆದರೆ ಕಣ್ಣು ಮುಚ್ಚಿ ಏರ್‌ಲೈನ್‌ನಲ್ಲೇ ಕೊಳ್ಳಿ. ವಯಸ್ಸಾದವರ ಪ್ರಯಾಣದಲ್ಲಿ ಆ ಹಣ ದಂಡ ಅಲ್ಲ. ವ್ಯತ್ಯಾಸ ಲಕ್ಷದ ಆಸುಪಾಸು ಇದ್ದು, ಏಜೆನ್ಸಿ ನೋಂದಣಿ ಸರಿಯಾಗಿದ್ದು, ಎಲ್ಲ ಸೆಕ್ಟರ್ ಬಿಸಿನೆಸ್, ಒಂದೇ ಟಿಕೆಟ್, ದಿನ ಬದಲಾಯಿಸುವ ಶುಲ್ಕ ಬರಹದಲ್ಲಿ ಸಿಕ್ಕರೆ ತೆಗೆದುಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಒಂದಾದರೂ ಉತ್ತರ ಬರದಿದ್ದರೆ ಬಿಟ್ಟುಬಿಡಿ. ಬಜೆಟ್ ಅಷ್ಟಕ್ಕೇ ನಿಲ್ಲಬೇಕು ಅಂದರೆ ಇನ್ನೂ ಒಂದು ದಾರಿ ಇದೆ: ಬರುವಾಗ ಹೋಗುವಾಗ ಎರಡೂ ಕಡೆ ಬಿಸಿನೆಸ್ ಬದಲು ಪ್ರೀಮಿಯಂ ಇಕಾನಮಿ ತೆಗೆದು, ಉದ್ದದ ಸೆಕ್ಟರ್‌ಗೆ ಮಾತ್ರ ಏರ್‌ಲೈನ್‌ನಿಂದಲೇ ಅಪ್‌ಗ್ರೇಡ್ ಕೇಳುವುದು. ಅಪ್‌ಗ್ರೇಡ್ ಸಿಗುವುದು ಖಾತ್ರಿ ಅಲ್ಲ, ಆದ್ದರಿಂದ ಸಿಗದಿದ್ದರೂ ಅಮ್ಮ ಆ ಸೀಟಿನಲ್ಲಿ ಕೂರಬಲ್ಲರಾ ಅಂತ ಅವರನ್ನೇ ಕೇಳಿ.

ಟಿಕೆಟ್ ಎಲ್ಲೇ ಕೊಂಡರೂ ವೀಲ್‌ಚೇರ್ ಕೋರಿಕೆಯನ್ನು ಏಜೆಂಟ್‌ಗೆ ಬಿಡಬೇಡಿ, ನೀವೇ ಏರ್‌ಲೈನ್‌ಗೆ ಫೋನ್ ಮಾಡಿ ಹಾಕಿಸಿ. ದೂರ ನಡೆಯಲು ಆಗದವರು, ಮೆಟ್ಟಿಲು ಹತ್ತಲು ಆಗದವರು, ಸೀಟಿನವರೆಗೂ ಕರೆದೊಯ್ಯಬೇಕಾದವರು ಅಂತ ಅದರಲ್ಲಿ ಮೂರು ಬಗೆ. ಬರೀ 'ವೀಲ್‌ಚೇರ್' ಅಂದರೆ ಮೊದಲನೆಯದನ್ನು ಹಾಕಿಬಿಡಬಹುದು. ಮಧ್ಯದ ಏರ್‌ಪೋರ್ಟ್‌ನಲ್ಲಿ ವಿಮಾನ ದೂರ ನಿಂತು ಬಸ್ಸಿನಲ್ಲಿ ಹೋಗಬೇಕಾದರೆ ಮೆಟ್ಟಿಲು ಹತ್ತಿ ಇಳಿಯಬೇಕಾಗುತ್ತದೆ. ಅಮ್ಮನಿಗೆ ಮೆಟ್ಟಿಲು ಕಷ್ಟ ಅಂತ ಬಿಡಿಸಿ ಹೇಳಿ, ಎರಡನೆಯ ಬಗೆ ಹಾಕಿಸಿ, ಬರುವ ಹೋಗುವ ಎಲ್ಲ ಸೆಕ್ಟರ್‌ಗೂ ಸೇರಿದೆಯಾ ಅಂತ ಅವರಿಂದ ಓದಿಸಿಕೊಳ್ಳಿ.